ದತ್ತ ಕೊಟ್ಟ ಮಳೆನೀರು

ಮೊದಲು ಶುಕ್ರವಾರದ ವಿಷಯ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಹೊಟ್ಟೆಯುರಿ ಆರುವುದಿಲ್ಲ.

ಮಾಲ್ಡೀವ್ಸ್‌ಗೆ ಹೋಗುವುದಾದರೆ ಶುಕ್ರವಾರ ಇಳಿಯಬೇಡಿ. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ನಾವು ಹೋಗಬೇಕಿದ್ದ ತುಲುಸ್ದೂ ದ್ವೀಪಕ್ಕೆ ಅವತ್ತು ಸರ್ಕಾರಿ ಫೆರ್ರಿ ಇರಲಿಲ್ಲ. ಸ್ಪೀಡ್‌ಬೋಟ್ ಇದೆ ಅಂದರು, ಆದರೆ ಮಧ್ಯಾಹ್ನದ ನಮಾಜ್ ಮುಗಿದು ಎಷ್ಟೋ ಹೊತ್ತಾದ ಮೇಲೆ. ಟೀ ಕುಡಿಯೋಣ ಅಂದರೆ ಆ ಹೊತ್ತಿಗೆ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ರಾಜಧಾನಿ ಮಾಲೆಯ ಜೆಟ್ಟಿಯಲ್ಲಿ ಸೂಟ್‌ಕೇಸ್ ಮೇಲೆ ಕೂತು ನಾಲ್ಕು ಗಂಟೆ ಕಳೆದೆವು. ಫೆರ್ರಿಯಲ್ಲಿ ಕೆಲವೇ ಡಾಲರಿಗೆ ಮುಗಿಯುತ್ತಿದ್ದ ದಾರಿಗೆ ತಲೆಗೆ 30 ಡಾಲರ್ ತೆತ್ತೆವು.

ಇನ್ನೊಂದು. ಹೊರಡುವ ಮುಂಚಿನ 96 ಗಂಟೆಯೊಳಗೆ ಇಮುಗ ಅನ್ನುವ, ಪ್ರಯಾಣಿಕರ ವಿವರದ ಸರ್ಕಾರಿ ಫಾರಂ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಪುಕ್ಕಟೆ. ನಮ್ಮನೆಯವರು ಗೂಗಲ್‌ನಲ್ಲಿ ಮೊದಲು ಸಿಕ್ಕಿದ್ದನ್ನು ಒತ್ತಿ, ಯಾವುದೋ ನಕಲಿ ಸೈಟಿಗೆ ದುಡ್ಡು ಕಟ್ಟಿದರು. ಇದನ್ನು ಬರೆಯಬೇಡ ಅಂದಿದ್ದರು. ಬರೆದಿದ್ದೇನೆ.

ನೀರಿನ ಮೇಲೆ ಕಟ್ಟಿದ ಮನೆ, ಗಾಜಿನ ನೆಲ, ತೇಲುವ ತಟ್ಟೆಯಲ್ಲಿ ತಿಂಡಿ, ಅದೆಲ್ಲ ರೆಸಾರ್ಟ್ ದ್ವೀಪಗಳಲ್ಲಿ. ಅಲ್ಲಿ ಕೆಲವು ಕಡೆ ಗಡಿಯಾರವೂ ಬೇರೆ, ಬಿಸಿಲು ಜಾಸ್ತಿ ಸಿಗಲಿ ಅಂತ ಒಂದು ಗಂಟೆ ಮುಂದಿಟ್ಟುಕೊಳ್ಳುತ್ತಾರೆ. ನನಗೆ ಅಂಥದ್ದರ ಆಸೆ ಇರಲಿಲ್ಲ (ದುಡ್ಡೂ ಇರಲಿಲ್ಲ). ಊರಿನ ಜನ ಇರುವ ದ್ವೀಪಗಳಲ್ಲಿ ಗೆಸ್ಟ್‌ಹೌಸ್ ನಡೆಸಲು 2009ರಿಂದ ಅವಕಾಶ ಕೊಟ್ಟಿದ್ದಾರೆ. ರೂಮಿನ ಬಾಡಿಗೆ ಮೇಲೆ ತಲೆಗೆ ದಿನಕ್ಕೆ 6 ಡಾಲರ್ ಹಸಿರು ತೆರಿಗೆ ಬೇರೆ. ಈ ದ್ವೀಪಗಳಲ್ಲಿ ಮದ್ಯ ಇಲ್ಲ. ಈಜುಡುಗೆಗೆ ಅಂತಲೇ ಬೇರೆ ಬೀಚ್ ಇರುತ್ತದೆ, ಬೀದಿಯಲ್ಲಿ ಮೈ ಮುಚ್ಚಿಕೊಂಡು ಓಡಾಡಬೇಕು. ನಮಗೇನೂ ಕಷ್ಟ ಅನ್ನಿಸಲಿಲ್ಲ.

ತುಲುಸ್ದೂ ಪುಟ್ಟ ಊರು. ಈ ತುದಿಯಿಂದ ಆ ತುದಿಗೆ ಸುಮ್ನೆ ನಡೆದರೆ ಕಾಲು ಗಂಟೆ. ಊರಲ್ಲಿ ಒಂದು ಕೋಕಾಕೋಲಾ ಕಾರ್ಖಾನೆ ಇದೆ. ಸಮುದ್ರದ ನೀರಿನ ಉಪ್ಪು ತೆಗೆದು, ಅದರಲ್ಲಿ ಕೋಕ್ ಮಾಡುತ್ತಾರೆ. ಪಕ್ಕದ ಅಲೆಗೂ ಸರ್ಫಿಂಗ್‌ನವರು 'ಕೋಕ್ಸ್' ಅಂತಲೇ ಹೆಸರಿಟ್ಟಿದ್ದಾರೆ. ಬೆಳಗಿನ ತಿಂಡಿ ಮಸ್ ಹುನಿ: ಟ್ಯೂನಾ ಮೀನು, ತೆಂಗಿನತುರಿ, ಈರುಳ್ಳಿ, ಹಸಿಮೆಣಸು, ನಿಂಬೆಹುಳಿ ಎಲ್ಲ ಕೈಯಲ್ಲೇ ಕಿವುಚಿ ಕಲಸಿದ್ದು, ಜೊತೆಗೆ ರೋಶಿ, ಅಂದರೆ ಚಪಾತಿ. ನಾನು ಐದು ದಿನವೂ ಅದನ್ನೇ ತಿಂದೆ. ಸಸ್ಯಾಹಾರಿಯಾದ ನಮ್ಮನೆಯವರು ಐದು ದಿನವೂ ರೋಶಿಗೆ ಜ್ಯಾಮ್ ಹಚ್ಚಿಕೊಂಡರು. ಮೀನು ತಿನ್ನದವರು ಚಟ್ನಿಪುಡಿ ಒಯ್ಯಿರಿ.

ಮೂರನೇ ಸಂಜೆ ಗೆಸ್ಟ್‌ಹೌಸ್ ಮುಂದಿನ ಜೋಲಿಯಲ್ಲಿ ಕೂತಿದ್ದೆ. ಕಬ್ಬಿಣದ ಚೌಕಟ್ಟಿಗೆ ಹಗ್ಗದ ಬಲೆ ಕಟ್ಟಿದ ಕುರ್ಚಿ, ಸಾಲಾಗಿ ನಾಲ್ಕೈದು. ಅವರ ಭಾಷೆ ದಿವೇಹಿಯಲ್ಲೂ ಅದರ ಹೆಸರು ಜೋಲಿಯೇ. ನಮ್ಮಲ್ಲಿ ಮಗುವನ್ನು ಹಾಕಿ ತೂಗುತ್ತೇವೆ, ಅಲ್ಲಿ ದೊಡ್ಡವರು ಕೂತು ಊರ ಸುದ್ದಿ ಮಾತಾಡುತ್ತಾರೆ. ಗೆಸ್ಟ್‌ಹೌಸ್ ಹುಡುಗನ ಅಮ್ಮ ಬಂದು ಪಕ್ಕದಲ್ಲಿ ಕೂತರು. ಅರವತ್ತರ ಆಸುಪಾಸು. ಏನಂತ ಕರೆಯಲಿ ಅಂದೆ. 'ದತ್ತ' ಅಂದರು. ದಿವೇಹಿಯಲ್ಲಿ ಅಕ್ಕ ಅಂತ ಅರ್ಥವಂತೆ. ನಮ್ಮ ಕಿವಿಗೆ ಗುರುದತ್ತನ ದತ್ತ. ನಗು ತಡೆದುಕೊಂಡೆ.

ದತ್ತನಿಗೆ ಹಿಂದಿ ಬರುತ್ತಿತ್ತು, ಎಲ್ಲ ಸಿನಿಮಾ ನೋಡಿ ಕಲಿತಿದ್ದು. ಎಲ್ಲಿಂದ ಬಂದಿರಿ ಅಂದರು. ಮೈಸೂರು ಅಂದೆ. ಜೋಲಿಯಲ್ಲಿ ಎದ್ದು ನೆಟ್ಟಗೆ ಕೂತರು.

ಗಂಡನ ಹೃದಯದ ಆಪರೇಷನ್ನಿಗೆ ಅವರು ಬೆಂಗಳೂರಿಗೆ ಬಂದಿದ್ದರಂತೆ. ಅಲ್ಲಿನ ಜನ ದೊಡ್ಡ ಕಾಯಿಲೆಗೆ ತಿರುವನಂತಪುರಕ್ಕೋ ಬೆಂಗಳೂರಿಗೋ ಬರುವುದು ಮಾಮೂಲಿ. ಒಂದೂವರೆ ತಿಂಗಳು ಬಾಡಿಗೆ ಮನೆ ಮಾಡಿಕೊಂಡಿದ್ದರು. ಗಂಡ ಸ್ವಲ್ಪ ಓಡಾಡುವಂತಾದ ಮೇಲೆ ಟ್ಯಾಕ್ಸಿಯವನು ಮೈಸೂರು ತೋರಿಸುತ್ತೇನೆ ಅಂತ ಕರೆದುಕೊಂಡು ಹೋದ.

"ಅರಮನೆ ಹೇಗಿತ್ತು?" ಅಂತ ಕೇಳಿದೆ, ಊರಿನವಳ ಜಂಬದಲ್ಲಿ.

"ಚೆನ್ನಾಗಿತ್ತು" ಅಂದರು, ಮರ್ಯಾದೆಗೆ. "ಅದಕ್ಕಿಂತ ಮೊದಲು ಒಂದು ನದಿ ಹತ್ತಿರ ನಿಲ್ಲಿಸಿದ. ಎರಡು ನದಿ ಸೇರುವ ಜಾಗ. ಮೆಟ್ಟಿಲಿತ್ತು, ಬುಟ್ಟಿ ಥರದ ದೋಣಿ ಇತ್ತು."

ಶ್ರೀರಂಗಪಟ್ಟಣದ ಸಂಗಮ!

"ನಾನು ಇಳಿದು ಹೋಗಿ ಬೊಗಸೆ ತುಂಬ ನೀರು ತಗೊಂಡು ಬಾಯಿಗೆ ಹಾಕಿದೆ. ಡ್ರೈವರ್ ಬೇಡ ಬೇಡ ಅಂತ ಕೂಗಿದ. ಅಷ್ಟೊಂದು ನೀರು, ಹರಿಯುತ್ತಾ ಇದೆ, ಉಪ್ಪೇ ಇಲ್ಲ!"

ಬೆಟ್ಟ ನೋಡಿ ಆಶ್ಚರ್ಯ ಆಗಲಿಲ್ಲವಾ ಅಂದೆ. ಅವರ ದೇಶದಲ್ಲಿ ಸಹಜ ನೆಲ ಎರಡೂವರೆ ಮೀಟರ್ ಎತ್ತರ ಇದ್ದರೆ ಹೆಚ್ಚು. "ಬೆಟ್ಟ ಸಿನಿಮಾದಲ್ಲಿ ನೋಡಿದ್ದೆ. ನೀರಿನ ರುಚಿ ಸಿನಿಮಾದಲ್ಲಿ ಗೊತ್ತಾಗುವುದಿಲ್ಲ" ಅಂದರು.

ಸಾವಿರಕ್ಕೂ ಜಾಸ್ತಿ ದ್ವೀಪ, ಒಂದೂ ನದಿ ಇಲ್ಲ. ಮಳೆ ನೀರು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ನಿಲ್ಲುತ್ತದೆ. ಬಾವಿಯಲ್ಲಿ ಸಿಗುವುದು ಅದೇ. 2004ರ ಸುನಾಮಿಯಲ್ಲಿ ಎಷ್ಟೋ ದ್ವೀಪಗಳ ಬಾವಿಗೆ ಉಪ್ಪು ನುಗ್ಗಿತು. ದತ್ತ ಚಿಕ್ಕವರಿದ್ದಾಗ ಬಾವಿ ನೀರೇ ಕುಡಿಯುತ್ತಿದ್ದರಂತೆ, ಈಗ ಅದು ಪಾತ್ರೆ ತೊಳೆಯಲಿಕ್ಕೆ. ನಲ್ಲಿಯಲ್ಲಿ ಬರುವುದು ಮೆಷಿನ್ನಿನಲ್ಲಿ ಉಪ್ಪು ತೆಗೆದ ನೀರು. ಆ ಮೆಷಿನ್ ನಿಂತರೆ? 2014ರ ಡಿಸೆಂಬರಿನಲ್ಲಿ ನಿಂತಿತ್ತು. ಮಾಲೆಯ ಘಟಕಕ್ಕೆ ಬೆಂಕಿ ಬಿದ್ದು ಇಡೀ ರಾಜಧಾನಿಗೆ ನೀರಿಲ್ಲ. ದತ್ತ ಆಗ ತಂಗಿಯ ಮನೆಯಲ್ಲಿದ್ದರು. "ನಿಮ್ಮ ದೇಶದಿಂದ ವಿಮಾನದಲ್ಲಿ ನೀರು ಬಂತು, ಆಮೇಲೆ ಹಡಗಿನಲ್ಲಿ. ನಾನು ಎರಡು ಕ್ಯಾನ್ ಹಿಡಿದು ಕ್ಯೂ ನಿಂತಿದ್ದೆ. ನಿಮ್ಮ ಆ ನದಿಯದ್ದೇ ಇರಬೇಕು ಅಂತ ಈಗ ಅಂದುಕೊಳ್ಳುತ್ತೇನೆ."

ಅಲ್ಲ ಅನ್ನಲು ಬಾಯಿ ಬರಲಿಲ್ಲ.

"ನೀವು ದಿನಾ ಅದನ್ನೇ ಕುಡಿಯುತ್ತೀರಾ?"

ಹೌದು ಅಂದೆ. ಫಿಲ್ಟರ್ ಮಾಡಿ ಅನ್ನಲಿಲ್ಲ. ನಾನೂ ಆ ಮೆಟ್ಟಿಲು ಇಳಿದಿದ್ದೇನೆ, ಅಪ್ಪನ ಅಸ್ಥಿ ಬಿಡಲು. ಅದನ್ನೂ ಹೇಳಲಿಲ್ಲ.

ಅವರು ಎದ್ದು ಮನೆ ಪಕ್ಕದ ದೊಡ್ಡ ಟ್ಯಾಂಕಿನಿಂದ ಒಂದು ಲೋಟ ನೀರು ತಂದರು. ಸೂರಿನಿಂದ ಹಿಡಿದ ಮಳೆನೀರು. ಟೀಗೆ, ಗರುದಿಯ ಅನ್ನುವ ಮೀನಿನ ಸಾರಿಗೆ ಮಾತ್ರ ಬಳಸುತ್ತಾರಂತೆ. ಕುಡಿದೆ. ರುಚಿ ಅಂತ ಏನೂ ಇರಲಿಲ್ಲ, ಸ್ವಲ್ಪ ತಗಡಿನ ವಾಸನೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ನಿಮ್ಮ ನದಿ ಥರಾ ಇದೆ ಅಲ್ವಾ?" ಅಂದರು.

ಮುಂದಿನ ಎರಡು ದಿನ ಮೀನು ನೋಡಿದೆವು, ಆಮೆ ನೋಡಿದೆವು, ನಮ್ಮನೆಯವರ ಬೆನ್ನು ಬಿಸಿಲಿಗೆ ಸುಲಿಯಿತು. ಹೊರಡುವ ದಿನ ದತ್ತ ದಾರಿಗೆ ಅಂತ ಅದೇ ಟ್ಯಾಂಕಿನಿಂದ ಒಂದು ಬಾಟಲಿ ತುಂಬಿಸಿ ಕೊಟ್ಟರು. ಏರ್‌ಪೋರ್ಟ್ ಸೆಕ್ಯುರಿಟಿಯವನು ಬಾಟಲಿ ನೋಡಿ ಪಕ್ಕದ ಡಬ್ಬಿ ತೋರಿಸಿದ. ಚೆಲ್ಲಲಿಲ್ಲ. ಹಿಂದಿದ್ದವರಿಗೆ ಮುಂದೆ ಹೋಗಿ ಅಂತ ದಾರಿ ಬಿಟ್ಟು, ಒಂದು ಲೀಟರನ್ನೂ ಅಲ್ಲೇ ನಿಂತು ಕುಡಿದು ಮುಗಿಸಿದೆ.