ವೀರಗಲ್ಲಿನ ಮೂರನೇ ಸಾಲು ಕೊನೆಗೂ ಸಿಕ್ಕಿತು

ಬೆಂಗಳೂರಿನ ಬೀದಿಕಲೆಯಲ್ಲಿ ಹಿರಿತನ ವೀರಗಲ್ಲುಗಳದ್ದು. ಹೆಬ್ಬಾಳದ ಕಿತ್ತಯ್ಯನ ಕಲ್ಲು ಕ್ರಿ.ಶ. 750ರ ಸುಮಾರಿನದು, ಬೆಂಗಳೂರು ಕಾಳಗವನ್ನು ಹೇಳುವ ಬೇಗೂರಿನ ಕಲ್ಲು 890ರ ಆಸುಪಾಸಿನದು. ಇಂಥವನ್ನು ಹುಡುಕುವ ದಾರಿ ಇದು: ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 1905ರ 9ನೇ ಸಂಪುಟದಲ್ಲಿ ಊರಿನ ಹೆಸರು ನೋಡಿಕೊಂಡು ಹಳೇ ಗ್ರಾಮಠಾಣ, ಗುಡಿಯ ಹಿಂಬದಿ, ಕೆರೆ ಏರಿ ಸುತ್ತುವುದು.

ಈ ಸಲ ಕಾಡಿದ್ದು ಬೀದಿಬದಿಯ ಒಂದು ಕಲ್ಲು. ಕಾಳಗ ಕೆತ್ತಿದ ಪಟ್ಟಿಗೂ ಅಪ್ಸರೆಯರನ್ನು ಕೆತ್ತಿದ ಪಟ್ಟಿಗೂ ನಡುವೆ ಮೂರು ಸಾಲು ಬರಹ. ಎರಡು ಓದಬಹುದು, ಮೂರನೆಯದು ಬರೀ ಗೀರು. ಸಂಜೆ ಕತ್ತಲಾದ ಮೇಲೆ ಕ್ಯಾಮೆರಾವನ್ನು ಕಲ್ಲಿಗೆ ನೇರವಾಗಿ ಟ್ರೈಪಾಡ್ ಮೇಲಿಟ್ಟು (ಐಎಸ್‌ಒ 100, ಎಫ್/8), ಟಾರ್ಚನ್ನು ಪಕ್ಕದಿಂದ 10–15 ಡಿಗ್ರಿಯಲ್ಲಿ ಹಾಯಿಸಿದರೆ ನಿಂತ ಗೆರೆಗಳೆಲ್ಲ ಎದ್ದುಬಂದವು, ಅಡ್ಡಗೆರೆಗಳು ಮಾಯ. ಕಾರಣ ಸರಳ: ಬೆಳಕು ಹರಿಯುವ ದಿಕ್ಕಿನಲ್ಲೇ ಗೀರು ಮಲಗಿದ್ದರೆ ಅದರ ಅಂಚಿನ ನೆರಳು ಬೀಳುವುದೇ ಇಲ್ಲ. ತಲೆಕಟ್ಟು ಹೋದರೆ ಅಕ್ಷರವೇ ಹೋದಂತೆ. ಮೇಲಿನಿಂದ ಬೆಳಕು ಹಾಯಿಸಿದಾಗ ಅಡ್ಡಗೆರೆಗಳು ಕಂಡವು, ನಿಂತ ಗೆರೆ ಮಸುಕಾದವು. ಕೆಳಗಿನಿಂದ ಹಿಡಿದ ಚಿತ್ರ ನಂಬಬೇಡಿ, ಕೊರೆದದ್ದು ಉಬ್ಬಿದಂತೆ ತೋರುತ್ತದೆ.

ಗೆದ್ದದ್ದು ಆರ್‌ಟಿಐ (ರಿಫ್ಲೆಕ್ಟನ್ಸ್ ಟ್ರಾನ್ಸ್‌ಫಾರ್ಮೇಷನ್ ಇಮೇಜಿಂಗ್) ವಿಧಾನ: ಬೇರೆ ಬೇರೆ ದಿಕ್ಕಿನ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ತಂತ್ರಾಂಶ ಒಂದುಗೂಡಿಸುತ್ತದೆ, ಆಮೇಲೆ ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆಗೆ ತಿರುಗಿಸಿ ನೋಡಬಹುದು. ಕ್ಯಾಮೆರಾ ಅಲುಗಿಸದೆ, ಟಾರ್ಚನ್ನು ಮಾತ್ರ ಸುತ್ತಲಿಂದ ಹಾಯಿಸಿ 48 ಚಿತ್ರ. ಪ್ರತಿ ಸಲವೂ ಟಾರ್ಚ್ ಕಲ್ಲಿನಿಂದ ಒಂದೇ ದೂರದಲ್ಲಿರಲು ಅಳತೆಗೊಂದು ದಾರ ಬೇಕು. 60 ಸೆಂ.ಮೀ. ಅಗಲದ ಪಟ್ಟಿಗೆ 1.8 ಮೀಟರ್ ದಾರ ಸಾಕು. ಚೌಕಟ್ಟಿನ ಅಂಚಿನಲ್ಲಿ ಎರಡು ಕಪ್ಪು ಹೊಳೆಯುವ ಗೋಲಿ, ಚಿತ್ರದಲ್ಲಿ 250 ಪಿಕ್ಸೆಲ್ ಅಗಲಕ್ಕೆ ಕಡಿಮೆಯಿಲ್ಲದಂತೆ. ಗೋಲಿಯ ಮೇಲಿನ ಹೊಳಪಿನ ಚುಕ್ಕೆಯಿಂದಲೇ ತಂತ್ರಾಂಶ ಬೆಳಕಿನ ದಿಕ್ಕು ಲೆಕ್ಕ ಹಾಕುತ್ತದೆ. ಆನ್‌ಲೈನ್ ಅಂಗಡಿಯವರು ‘ಪರ್ಫೆಕ್ಟ್ ರೌಂಡ್’ ಎಂದು ಕಳಿಸಿದ ಗೋಲಿಗಳ ನಡುವೆ ಅಚ್ಚಿನ ಗೆರೆ! ಚುಕ್ಕೆ ಅಲ್ಲಿ ಎರಡಾಗಿ ಒಡೆದು ಲೆಕ್ಕವೇ ತಪ್ಪುತ್ತದೆ. ಕೊಳ್ಳುವ ಮುನ್ನ ಟ್ಯೂಬ್‌ಲೈಟಿನ ಕೆಳಗೆ ಉರುಳಿಸಿ ನೋಡಿ. ಟಾರ್ಚಿನದೂ ಅದೇ ಗೋಳು: ಸಾವಿರ ಲ್ಯೂಮೆನ್ ಅಂತಾರೆ, ಬೆಳಕೆಲ್ಲ ನಡುವಿನ ಒಂದೇ ಬೊಟ್ಟಿನಲ್ಲಿ. ಮುಂದೆ ಬಟರ್ ಪೇಪರ್ ಕಟ್ಟಿದರೆ ಸಮನಾಗಿ ಹರಡುತ್ತದೆ.

ಎಣ್ಣೆ ಹಚ್ಚಿದ ಕಲ್ಲಾದರೆ ಟಾರ್ಚಿಗೊಂದು ಪೋಲರೈಸಿಂಗ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವಂಥದ್ದು), ಲೆನ್ಸಿಗೊಂದು ಅಂಥದ್ದೇ ಫಿಲ್ಟರ್ ಹಾಕಿ ಜಿಡ್ಡಿನ ಹೊಳಪು ಕೊಲ್ಲಬಹುದು. ಆದರೆ ಗೋಲಿಯ ಚುಕ್ಕೆಯೂ ಅದರೊಂದಿಗೇ ಸಾಯುತ್ತದೆ, ಹಾಗಾಗಿ ಅದು ಬಿಡಿ ಚಿತ್ರಗಳಿಗೆ ಮಾತ್ರ. ಸೀಮೆಸುಣ್ಣ, ಹಿಟ್ಟು, ತಂತಿಬ್ರಷ್ ಮಾತ್ರ ಯಾವ ಕಾರಣಕ್ಕೂ ಬೇಡ. ಸವೆದ ಗೀರು ಒಮ್ಮೆ ಉಜ್ಜಿಹೋದರೆ ಯಾವ ಬೆಳಕೂ ಅದನ್ನು ಮರಳಿ ತಾರದು.

ಅಂದ ಹಾಗೆ ಮುಂದಿನ ಸರದಿ ಮಾಸ್ತಿಕಲ್ಲುಗಳದ್ದು, ಅಂದರೆ ಸಹಗಮನ ಮಾಡಿದ ಹೆಂಗಸರ ನೆನಪಿನ ಕಲ್ಲುಗಳದ್ದು. ಬಳೆ ತೊಟ್ಟ ಎತ್ತಿದ ಕೈಯ ಉಬ್ಬು ಆಳವಾದದ್ದು, ಅದಕ್ಕೆ ಹಲವು ಕೋನಗಳ ಚಿತ್ರಗಳಿಂದ ಮೂರು ಆಯಾಮದ ಮಾದರಿ ಕಟ್ಟುವ ಫೋಟೋಗ್ರಾಮೆಟ್ರಿಯೇ ಸರಿ: ಮೋಡದ ದಿನ, ಒಂದರ ಮೇಲೊಂದು ಶೇ. 70 ಹೊಂದುವ ಚಿತ್ರಗಳು, ಪಕ್ಕದಲ್ಲೊಂದು ಅಳತೆಪಟ್ಟಿ.