ದೊಡ್ಡಪತ್ರೆ, ಒಂದೆಲಗ ಮತ್ತು ವಾಸಿಯಾಗದ ಕಾಲಿನ ಹುಣ್ಣು

ಮೂಡಿಗೆರೆ ಕಡೆ ದೊಡ್ಡಪತ್ರೆ ಇಲ್ಲದ ಹಿತ್ತಲು ಸಿಗುವುದು ಕಷ್ಟ. ಒಂದೆಲಗವನ್ನಂತೂ ಯಾರೂ ನೆಡುವುದೇ ಇಲ್ಲ, ಗದ್ದೆ ಬದುವಿನಲ್ಲಿ, ತೋಟದ ಚರಂಡಿ ಪಕ್ಕದಲ್ಲಿ ತಾನಾಗಿ ಹಬ್ಬಿರುತ್ತದೆ. ಮಗುವಿಗೆ ಶೀತವಾದರೆ ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡುತ್ತೇವೆ. ಎರಡರ ತಂಬುಳಿಯೂ ನಮ್ಮಲ್ಲಿ ಮಾಮೂಲಿ. ಇದೇ ಎರಡು ಗಿಡಗಳ ಸಾರದಿಂದ ಮಾಡಿದ ಒಂದು ಮುಲಾಮಿಗೆ 2021ರಲ್ಲಿ ತೈವಾನ್ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಅದು ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಹಚ್ಚುವ ಔಷಧಿ.

ನಾನು ನರ್ಸ್. ಇಂಥ ಕಾಲುಗಳಿಗೆ ಡ್ರೆಸ್ಸಿಂಗ್ ಮಾಡುವುದೇ ನನ್ನ ದಿನದ ದೊಡ್ಡ ಪಾಲು. ಈ ವಿಷಯ ಓದಿದಾಗ ತುಂಬಾ ಖುಷಿಯಾಯಿತು. ಅಷ್ಟೇ ಭಯವೂ ಆಯಿತು. ಎರಡಕ್ಕೂ ಕಾರಣ ಹೇಳುತ್ತೇನೆ.

ಕಾಫಿ ಕುಯ್ಲಿನ ಸಮಯದಲ್ಲಿ ನನ್ನ ಹತ್ತಿರ ಬರುವ ಕಾಲುಗಳೇ ಬೇರೆ ಥರ. ಮಧ್ಯಾಹ್ನದ ಬಿಸಿಲಿಗೆ ಸಿಮೆಂಟ್ ಕಣ ಕಾದಿರುತ್ತದೆ. ಅದರ ಮೇಲೆ ಬರಿಗಾಲಲ್ಲಿ ನಿಂತು ಕಾಫಿ ಕೆದಕುತ್ತಾರೆ. ಆರೋಗ್ಯವಾಗಿರುವವರು ಎರಡು ಹೆಜ್ಜೆ ಇಡುವಷ್ಟರಲ್ಲಿ ನೆರಳಿಗೆ ಓಡುತ್ತಾರೆ. ಶುಗರ್ ಹಳೆಯದಾಗಿರುವವರಿಗೆ ಆ ಬಿಸಿ ಗೊತ್ತಾಗುವುದೇ ಇಲ್ಲ. ಹೀಗೆ ಅಂಗಾಲು ಪೂರ್ತಿ ಬೊಬ್ಬೆ ಎದ್ದ, ತೋಟದ ಲೆಕ್ಕ ನೋಡುವ ಒಬ್ಬ ರೈಟರು ಬಂದಿದ್ದರು. ರಾತ್ರಿ ಹೆಂಡತಿ ನೋಡಿ ಹೇಳಿದ ಮೇಲೆ ಅವರಿಗೆ ತಿಳಿದದ್ದು. "ಉರಿನೇ ಆಗ್ಲಿಲ್ಲ ಸಿಸ್ಟರ್" ಅಂದರು. ಮಳೆಗಾಲದಲ್ಲಿ ಗಂಬೂಟಿನ ಕಥೆ. ಒಳಗೆ ಸಣ್ಣ ಕಲ್ಲು ಸೇರಿಕೊಂಡರೂ ದಿನವಿಡೀ ನಡೆದಿರುತ್ತಾರೆ.

ಹೀಗಾಗುವುದಕ್ಕೆ ರಕ್ತನಾಳಗಳೂ ಕಾರಣ. ರಕ್ತನಾಳದ ಒಳಗೋಡೆಯಲ್ಲಿ ಒಂದೇ ಪದರದ ಜೀವಕೋಶಗಳಿವೆ. ಅವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೊರಬಿಡುತ್ತವೆ. ನಾಳ ಸಡಿಲವಾಗಿ ಹಿಗ್ಗುವುದು ಅದರಿಂದ. ಇದನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ರಕ್ತದಲ್ಲಿ ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಈ ಅನಿಲ ಕಡಿಮೆಯಾಗುತ್ತದೆ. ಸಕ್ಕರೆ ಗೋಡೆಯ ಪ್ರೋಟೀನಿಗೆ ಅಂಟಿಕೊಂಡು ನಾಳ ಗಡುಸಾಗುತ್ತದೆ. ಕಣ್ಣು, ಕಿಡ್ನಿ, ನರಗಳಿಗೆ ರಕ್ತ ಕೊಡುವ ಕೂದಲಿಗಿಂತ ಸಣ್ಣ ನಾಳಗಳು ಹಾಳಾಗುತ್ತವೆ. ನರಕ್ಕೆ ರಕ್ತ ಸಾಲದೆ, ಸಕ್ಕರೆಯ ನೇರ ಹೊಡೆತವೂ ಬಿದ್ದು ಕಾಲು ಜೋಮು ಹಿಡಿಯುತ್ತದೆ. ಕಾಲಿನ ದೊಡ್ಡ ನಾಳವೂ ಕಟ್ಟಿಕೊಂಡರೆ ಗಾಯಕ್ಕೆ ಊಟವೇ ಇಲ್ಲದಂತೆ. ಅದಕ್ಕೇ ನಾನು ಗಾಯ ನೋಡುವ ಮೊದಲು ಪಾದದ ಮೇಲ್ಭಾಗದಲ್ಲಿ ಬೆರಳಿಟ್ಟು ನಾಡಿ ಹುಡುಕುತ್ತೇನೆ.

ಈಗ ಆ ಮುಲಾಮಿನ ವಿಷಯಕ್ಕೆ ಬರುತ್ತೇನೆ. ನಮ್ಮ ಮೈಯಲ್ಲಿ ಗಾಯವಾದಾಗ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಮೊದಲು ಕೊಳೆ, ಕ್ರಿಮಿಗಳ ಮೇಲೆ ಬೀಳುತ್ತವೆ. ಆಮೇಲೆ ಅವೇ ರೀತಿ ಬದಲಿಸಿಕೊಂಡು ರಿಪೇರಿಗೆ ಇಳಿಯುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ ಈ ಬದಲಾವಣೆ ನಡೆಯದೆ ಊತ ಹಾಗೇ ಉಳಿಯುತ್ತದೆ. ದೊಡ್ಡಪತ್ರೆಯ ಸಾರ ಆ ಊತದ ಕೋಶಗಳನ್ನು ತಗ್ಗಿಸುತ್ತದೆ, ಒಂದೆಲಗದ ಸಾರ ರಿಪೇರಿಯ ಕಡೆಗೆ ತಳ್ಳುತ್ತದೆ ಎಂದು ತಯಾರಿಸಿದವರು ಹೇಳುತ್ತಾರೆ. ತೈವಾನ್, ಚೀನಾ, ಅಮೆರಿಕದಲ್ಲಿ 236 ಜನರ ಮೇಲೆ 16 ವಾರ ಪ್ರಯೋಗ ನಡೆಯಿತು. ಮುಲಾಮು ಹಚ್ಚಿದವರಲ್ಲಿ ಶೇಕಡಾ 60.7 ಜನರ ಹುಣ್ಣು ಪೂರ್ತಿ ಮುಚ್ಚಿತು. ಬರೀ ಡ್ರೆಸ್ಸಿಂಗ್ ಮಾಡಿಸಿಕೊಂಡವರಲ್ಲಿ ಶೇಕಡಾ 35.1. ಪ್ರಯೋಗಕ್ಕೆ ಹಣ ಹಾಕಿದ್ದು ಕಂಪನಿಯೇ, ಅದು ನೆನಪಿರಲಿ. ಆದರೂ ಈ ವ್ಯತ್ಯಾಸ ಸಣ್ಣದಲ್ಲ. ಒಂದು ಹುಣ್ಣು ತಿಂಗಳುಗಟ್ಟಲೆ ಒಂದೇ ಅಳತೆಯಲ್ಲಿ ಕೂತಿರುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಒಂದೆಲಗದ ಬಗ್ಗೆ ಇನ್ನೂ ಹಳೆಯ ಕೆಲಸ ಇದೆ. ಅದರಲ್ಲಿರುವ ಏಷ್ಯಾಟಿಕೋಸೈಡ್ ಎಂಬ ವಸ್ತುವನ್ನು ಲಕ್ನೋದ ವಿಜ್ಞಾನಿಗಳು ಸಕ್ಕರೆ ಕಾಯಿಲೆ ಬರಿಸಿದ ಇಲಿಗಳ ಗಾಯಕ್ಕೆ ಹಚ್ಚಿ ನೋಡಿ, ವಾಸಿಯಾಗುವ ವೇಗ ಹೆಚ್ಚಿದ್ದನ್ನು 1999ರಲ್ಲಿ ಬರೆದರು. 2001ರಲ್ಲಿ ಇಟಲಿಯ ವೈದ್ಯರು ಇದರ ಸಾರವನ್ನು ಮಾತ್ರೆಯಾಗಿ ಕೊಟ್ಟು, ಸಕ್ಕರೆ ಕಾಯಿಲೆಯವರ ಕಾಲಿನ ಸಣ್ಣ ನಾಳಗಳಲ್ಲಿ ರಕ್ತದ ಓಡಾಟ ಸುಧಾರಿಸಿತು ಎಂದರು. ಅದು ಚಿಕ್ಕ ಪ್ರಯೋಗ. ಅದನ್ನು ನಂಬಿ ಡಾಕ್ಟರು ಕೊಟ್ಟ ಶುಗರಿನ ಮಾತ್ರೆ ಬಿಡುವಂತಿಲ್ಲ.

ನನ್ನ ಭಯ ಶುರುವಾಗುವುದು ಇಲ್ಲಿ. ಇದನ್ನು ಕೇಳಿದ ತಕ್ಷಣ ಯಾರಾದರೂ ಎಲೆ ಅರೆದು ಗಾಯಕ್ಕೆ ಕಟ್ಟುತ್ತಾರೆ. ದಯವಿಟ್ಟು ಬೇಡ. ಸೊಪ್ಪು ಕಟ್ಟಿಕೊಂಡು ಬಂದ ಕಾಲುಗಳನ್ನು ನಾನು ಬಿಚ್ಚಿದ್ದೇನೆ. ಒಳಗೆ ಕೀವು, ವಾಸನೆ, ಕೆಲವು ಸಲ ಮೂಳೆಯೇ ಕಾಣುತ್ತದೆ. ಹಿತ್ತಲ ಎಲೆಯ ಜೊತೆ ಹಿತ್ತಲ ಮಣ್ಣೂ ಬರುತ್ತದೆ, ಮಣ್ಣಿನಲ್ಲಿ ಧನುರ್ವಾಯುವಿನ ಕ್ರಿಮಿ ಇರುತ್ತದೆ. ಆ ಪ್ರಯೋಗದಲ್ಲಿ ಸತ್ತ ಚರ್ಮ ತೆಗೆದು ಗಾಯವನ್ನು ಸ್ವಚ್ಛ ಮಾಡಿದ ಮೇಲೆ, ಅಳೆದ ಸಾರವಿದ್ದ ಮುಲಾಮು ಹಚ್ಚಿದರು. ಕಾಲಿಗೆ ರಕ್ತ ಚೆನ್ನಾಗಿ ಹರಿಯುವವರನ್ನೇ ಆರಿಸಿಕೊಂಡಿದ್ದರು. ನಾಳ ಕಟ್ಟಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು.

ಇನ್ನೊಂದು ಸಂಕಟ, ಶುಗರಿಗೆ ಅಂತ ಸಂತೆಯಲ್ಲಿ ಸಿಗುವ ಗಿಡಮೂಲಿಕೆ ಪುಡಿ ಪ್ಯಾಕೆಟ್. "ಮಾತ್ರೆ ಕೆಮಿಕಲ್ಲು, ಇದು ಗಿಡದ್ದು" ಅಂತ ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ಬಿಟ್ಟು ಬರುತ್ತಾರೆ. ಆ ಮಾತ್ರೆಯ ಮೂಲವೇ ಒಂದು ಗಿಡ. ಯುರೋಪಿನ ಹೊಲಗಳಲ್ಲಿ ಬೆಳೆಯುವ ಗೆಲೆಗಾ ಎಂಬ ಸಸ್ಯದಲ್ಲಿದ್ದ ವಸ್ತುವಿನ ಜಾಡು ಹಿಡಿದು ಮೆಟ್‌ಫಾರ್ಮಿನ್ ಬಂತು. 1957ರಲ್ಲಿ ಪ್ಯಾರಿಸ್‌ನ ವೈದ್ಯ ಜೀನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟ ವರದಿ ಪ್ರಕಟಿಸಿದರು. ಈಚೆಗೆ ಡಾಕ್ಟರುಗಳು ಬರೆಯುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳ ಪೂರ್ವಜ ಸೇಬಿನ ಮರದ ತೊಗಟೆಯಲ್ಲಿ 1835ರಲ್ಲಿ ಸಿಕ್ಕ ಫ್ಲೋರಿಜಿನ್. ಹೃದಯ, ಕಿಡ್ನಿ ಎರಡನ್ನೂ ಕಾಯುತ್ತವೆ ಎಂದು ದೊಡ್ಡ ಪ್ರಯೋಗಗಳಲ್ಲಿ ಕಂಡ ಮಾತ್ರೆಗಳಿವು. ಗಿಡದ ಗುಣ ಬೇಕೆನ್ನುವವರ ಕೈಯಲ್ಲೇ ಅದು ಇದೆ, ಅದನ್ನೇ ಬಿಸಾಡಿ ಬರುತ್ತಾರೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಪುಡಿಯಲ್ಲಿ ಕಾಳುಮೆಣಸಿನ ಸಾರ ಇದ್ದರೆ ಇನ್ನೂ ಎಚ್ಚರ ಬೇಕು. ಅರಿಶಿನದ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪರಿನ್ ಕೊಟ್ಟರೆ ಅದು ಎಷ್ಟೋ ಪಟ್ಟು ಜಾಸ್ತಿ ಮೈಗೆ ಹತ್ತುತ್ತದೆ ಎಂದು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲೇ ತೋರಿಸಿದ್ದರು. ಅದೇ ಪೈಪರಿನ್ ಬೇರೆ ಕೆಲವು ಔಷಧಿಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸುತ್ತದೆ. ಅರಿಶಿನದ ಕ್ಯಾಪ್ಸೂಲ್ ನುಂಗಿ ಲಿವರ್ ಕೆಟ್ಟವರ ವರದಿಗಳೂ ಇವೆ. ಸಾರಿಗೆ ಹಾಕುವ ಅರಿಶಿನ, ಮೆಣಸಿನ ಮಾತಲ್ಲ ಇದು.

ತಂಬುಳಿ ಧಾರಾಳವಾಗಿ ತಿನ್ನಿ. ಒಂದೆಲಗ, ಜೀರಿಗೆ, ನಾಲ್ಕು ಕಾಳು ಮೆಣಸು, ಕಾಯಿತುರಿ ಅರೆದು ಮಜ್ಜಿಗೆ ಸೇರಿಸಿ. ಅನ್ನ ಮಾತ್ರ ಸ್ವಲ್ಪ ಕಡಿಮೆ ಬಡಿಸಿಕೊಳ್ಳಿ. ಮಾತ್ರೆ ಬಿಡಬೇಡಿ. ಕಣದಲ್ಲಿ ಚಪ್ಪಲಿ ಹಾಕಿ, ಗಂಬೂಟನ್ನು ಕೊಡವಿಯೇ ಕಾಲು ತೂರಿಸಿ. ಸಂಜೆ ಕಾಲು ತೊಳೆದು, ಬೆರಳ ಸಂದು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳಿಗೆ ತೋರಿಸಿ. ಚರ್ಮ ಸ್ವಲ್ಪ ಒಡೆದಿದ್ದರೂ ಮರುದಿನವೇ ಆಸ್ಪತ್ರೆಗೆ ಬನ್ನಿ, ನೋವಿಲ್ಲ ಅಂತ ಕಾಯಬೇಡಿ. ಪುಡಿ, ಕಷಾಯ ಏನಾದರೂ ತಗೊಳ್ಳುತ್ತಿದ್ದರೆ ಪ್ಯಾಕೆಟ್ ಸಮೇತ ತನ್ನಿ. ನಾವು ಬೈಯುವುದಿಲ್ಲ, ಅದರಲ್ಲಿ ಏನಿದೆ ಅಂತ ನೋಡಬೇಕು ಅಷ್ಟೇ.