ಕೈ ಎಲ್ಲಿವರೆಗೆ ಏರುತ್ತೆ?

ಕೀಲುನೋವು ಅಂತ ಬಂದವರ ಪರೀಕ್ಷೆ ಅವರು ಬಾಗಿಲು ದಾಟುವಾಗಲೇ ಶುರುವಾಗಿಬಿಡುತ್ತದೆ. ನಡಿಗೆ, ಕುರ್ಚಿಯಿಂದ ಏಳುವ ರೀತಿ, ಗುಂಡಿ ಬಿಚ್ಚಲು ಯಾವ ಕೈ ಮುಂದೆ ಬರುತ್ತದೆ ಅನ್ನುವುದು. ಮೊದಲು ನೋಡು, ಆಮೇಲೆ ಮುಟ್ಟು, ಕೊನೆಗೆ ಅಲುಗಾಡಿಸು ಅಂತ ನಮಗೆ ಕಲಿಸಿದ್ದು. ಮುಟ್ಟುವುದೂ ನೋವಿಲ್ಲದ ಕಡೆಯಿಂದಲೇ.

ಇವತ್ತು ಬಂದ ಅಜ್ಜಿಗೆ ಬಲಗೈ ಭುಜದ ಮಟ್ಟಕ್ಕೂ ಏರುತ್ತಿರಲಿಲ್ಲ. "ಸಡಿಲ ಬಿಡಿ ಅಜ್ಜಿ, ನಾನು ಎತ್ತುತ್ತೇನೆ" ಅಂದೆ. ಕೈ ಸಲೀಸಾಗಿ ಕಿವಿಯ ಹತ್ತಿರ ಹೋಯಿತು! ಕೀಲೇ ಬಿಗಿದಿದ್ದರೆ ನನ್ನ ಕೈಗೂ ಅಲ್ಲೇ ತಡೆ ಸಿಗುತ್ತಿತ್ತು. ಹಾಗಾಗಿ ಸೋತಿರುವುದು ಕೀಲಲ್ಲ, ಎತ್ತುವ ಸ್ನಾಯು, ಅದನ್ನು ಮೂಳೆಗೆ ಕಟ್ಟುವ ರಜ್ಜು ಅಥವಾ ನರ. ಸ್ಕ್ಯಾನ್‌ಗೆ ಮೊದಲೇ ಇಷ್ಟು ತಿಳಿಯುತ್ತದಲ್ಲ, ಪ್ರತಿ ಸಲವೂ ನನಗೆ ಬೆರಗು.

ಸ್ನಾಯುಬಲಕ್ಕೆ 0ಯಿಂದ 5ರವರೆಗೆ ಅಂಕ. 3 ಅಂದರೆ ಗುರುತ್ವಾಕರ್ಷಣೆಯ ವಿರುದ್ಧ ಪೂರ್ತಿ ಎತ್ತಬಲ್ಲರು, ಎದುರು ಒತ್ತಡ ತಡೆಯಲಾರರು. ಅಜ್ಜಿಗೆ 2 ಬರೆದೆ. ಅಷ್ಟರಲ್ಲಿ ಅವರೇ ಮೆಲ್ಲಗೆ ಹೇಳಿದರು, "ಮೂರು ತಿಂಗಳಾಯ್ತಮ್ಮ ನನ್ನ ತಲೆ ನಾನೇ ಬಾಚಿಕೊಂಡು. ಸೊಸೆ ಬಾಚ್ತಾಳೆ."

ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಅಂಚಿನಲ್ಲಿ ಬರೆದಿಟ್ಟಿದ್ದೇನೆ.